ಆಲ್ಟರ್ನೇಟರ್ ಕೈಕೊಟ್ಟಾಗ: ಬ್ರಷ್ ಬದಲಿಸಿದರೆ ಸಾಕೋ, ಬಿಚ್ಚಿ ಕಟ್ಟಬೇಕೋ, ಇಡಿಯಾಗಿ ಬದಲಿಸಬೇಕೋ

ಆಲ್ಟರ್ನೇಟರ್ ಎಂದರೆ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರ. ಅದು ಕೈಕೊಟ್ಟು ಚಾರ್ಜಿಂಗ್ ನಿಂತ ಕಾರಿಗೆ ನಾಲ್ಕು ದಾರಿ ಇವೆ. ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಮತ್ತು ಒಳಗೆ ತಿರುಗುವ ರೋಟರ್‌ಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಮಾತ್ರ ಬದಲಿಸಬಹುದು. ಆಲ್ಟರ್ನೇಟರ್ ಪೂರ್ತಿ ಬಿಚ್ಚಿ ಬೇರಿಂಗ್, ಡಯೋಡ್ ಪ್ಲೇಟ್ (ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್‌ಗಳಿರುವ ತಟ್ಟೆ) ಹಾಕಿ ಮತ್ತೆ ಕಟ್ಟಬಹುದು. ರೀಕಂಡೀಷನ್ ಮಾಡಿದ್ದನ್ನೋ ಗುಜರಿಯಿಂದ ತೆಗೆದದ್ದನ್ನೋ ಕೂರಿಸಬಹುದು. ಇಲ್ಲವೇ ಹೊಸದನ್ನೇ ಹಾಕಬಹುದು. ನಾಲ್ಕನ್ನೂ ಬೇರೆ ಬೇರೆ ಗಾಡಿಗಳಲ್ಲಿ ಹಾಕಿ, ಓಡಿಸಿ, ಮೀಟರ್ ಹಿಡಿದು ನೋಡಿದವರ ಮಾತಿದು. ಒಳಗೆ ಯಾವ ಭಾಗ ಹೋಗಿದೆ ಎಂದು ತಿಳಿಯದೆ ಆರಿಸಿದರೆ ನಾಲ್ಕೂ ದುಬಾರಿಯೇ. ಹಾಗಾಗಿ ಮೊದಲು ತಪಾಸಣೆ.

ತಪಾಸಣೆ: ಸ್ಪ್ಯಾನರ್‌ಗಿಂತ ಮುಂಚೆ ಮಲ್ಟಿಮೀಟರ್

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, 2000 ಆರ್‌ಪಿಎಂಗೆ ಏರಿಸಿ ಬ್ಯಾಟರಿ ಟರ್ಮಿನಲ್‌ನಲ್ಲೇ ಅಳೆಯಿರಿ. 13.8ರಿಂದ 14.5 ಬಂದರೆ ಸರಿ. 13ರ ಕೆಳಗೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿ ಅಲ್ಲೇ ನಿಂತರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತಿದೆ. ಎಂಜಿನ್ ಕಂಪ್ಯೂಟರೇ ಚಾರ್ಜಿಂಗ್ ನಿಯಂತ್ರಿಸುವ ಹೊಸ ಗಾಡಿಗಳಲ್ಲಿ ಮಾತ್ರ ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಬ್ಯಾಟರಿ ತುಂಬಿದ್ದಾಗ ಅವು ಬೇಕೆಂದೇ 12.5ರ ಹತ್ತಿರಕ್ಕೆ ಇಳಿಸುತ್ತವೆ, ಆಕ್ಸಿಲರೇಟರ್ ಬಿಟ್ಟಾಗ 15ರವರೆಗೂ ಏರಿಸುತ್ತವೆ.

ಆಲ್ಟರ್ನೇಟರ್ ಮೇಲೆ ತಪ್ಪು ಹೊರಿಸುವ ಮುಂಚೆ ವೈರಿಂಗ್ ನೋಡಿ. ಎಂಜಿನ್ ಆಫ್ ಇದ್ದಾಗಲೂ ಆಲ್ಟರ್ನೇಟರ್ ಹಿಂಭಾಗದ ದಪ್ಪ ಬಿ ಪ್ಲಸ್ ಬೋಲ್ಟ್‌ನಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಇರಬೇಕು. ಸೊನ್ನೆ ಬಂದರೆ ನಡುವಿನ ದೊಡ್ಡ ಫ್ಯೂಸ್ ಸುಟ್ಟಿದೆ, ಆಲ್ಟರ್ನೇಟರ್ ಬಿಚ್ಚುವ ಕೆಲಸವೇ ಇಲ್ಲ. ಆಮೇಲೆ ಹೆಡ್‌ಲೈಟ್, ಬ್ಲೋವರಿನಂಥ ಲೋಡ್ ಹಾಕಿ ಎಂಜಿನ್ ಚಾಲೂ ಇಟ್ಟು, ಬಿ ಪ್ಲಸ್ ಬೋಲ್ಟ್‌ನಿಂದ ಬ್ಯಾಟರಿ ಪ್ಲಸ್‌ಗೆ ಮೀಟರ್ ಹಿಡಿಯಿರಿ: 0.3 ವೋಲ್ಟ್‌ಗಿಂತ ಹೆಚ್ಚು ಬರಬಾರದು. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ 0.2 ದಾಟಬಾರದು. ದಾಟಿದರೆ ಅರ್ಥಿಂಗ್ ಪಟ್ಟಿಗೆ ತುಕ್ಕು ಹಿಡಿದಿದೆ. ಹೊಸ ಆಲ್ಟರ್ನೇಟರ್ ಹಾಕಿದರೂ ಇದೇ ಕಾಯಿಲೆ ಮುಂದುವರಿಯುತ್ತದೆ.

ಕೊನೆಗೆ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ ಹಿಡಿಯಿರಿ. 0.1ರ ಒಳಗಿದ್ದರೆ ಡಯೋಡ್‌ಗಳು ಸರಿ. 0.5ರ ಹತ್ತಿರ ಬಂದರೆ ಒಂದಾದರೂ ಡಯೋಡ್ ಹೋಗಿದೆ. ನಾಲ್ಕು ದಾರಿಗಳಲ್ಲಿ ಯಾವುದು ಎಂಬುದನ್ನು ಹೆಚ್ಚಿನ ಸಲ ಹೇಳುವುದು ಈ ಒಂದು ಅಳತೆಯೇ, ಆದರೂ ಇದನ್ನು ಮಾಡುವವರು ಕಡಿಮೆ.

ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಗಾಡಿ ನಿಲ್ಲಲಿಲ್ಲ, ಆಲ್ಟರ್ನೇಟರ್ ಚೆನ್ನಾಗಿದೆ" ಎನ್ನುವ ಹಳೆಯ ಪರೀಕ್ಷೆ ಬೇಡವೇ ಬೇಡ. ಆ ಕ್ಷಣಕ್ಕೆ ವೋಲ್ಟೇಜ್ ಹಲವು ಪಟ್ಟು ಜಿಗಿದು ಡಯೋಡ್‌ಗಳನ್ನೂ ಕಂಪ್ಯೂಟರನ್ನೂ ಒಟ್ಟಿಗೇ ಸುಡಬಲ್ಲದು.

ದಾರಿ ಒಂದು: ರೆಗ್ಯುಲೇಟರ್ ಮತ್ತು ಬ್ರಷ್

ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ದೀಪ ಒಮ್ಮೆ ಹತ್ತಿ ಒಮ್ಮೆ ಆರುತ್ತದೆ, ಹಳ್ಳ ಹಾರಿದಾಗ ಮಿಣುಕುತ್ತದೆ, ಆಲ್ಟರ್ನೇಟರಿನ ಮೈಗೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಚಾರ್ಜಿಂಗ್ ಮರಳಿ ಬರುತ್ತದೆ, ಎಸಿ ಅಳತೆ ಚೆನ್ನಾಗಿಯೇ ಇದೆ. ಇದು ಬ್ರಷ್ ಸವೆದ ಲಕ್ಷಣ. ಹೊಸ ಬ್ರಷ್ ಹೋಲ್ಡರಿನಿಂದ 10 ಮಿ.ಮೀ.ಗಿಂತ ಹೆಚ್ಚು ಚಾಚಿರುತ್ತದೆ. 5 ಮಿ.ಮೀ.ಗೆ ಇಳಿದರೆ ಸ್ಪ್ರಿಂಗಿಗೆ ಒತ್ತುವ ಬಲ ಉಳಿಯುವುದಿಲ್ಲ.

ಹಲವು ಗಾಡಿಗಳಲ್ಲಿ ಹಿಂದಿನ ಪ್ಲಾಸ್ಟಿಕ್ ಕವರ್ ತೆಗೆದು ಎರಡು ಮೂರು ಸ್ಕ್ರೂ ಬಿಚ್ಚಿದರೆ ರೆಗ್ಯುಲೇಟರ್ ಮತ್ತು ಬ್ರಷ್ ಒಟ್ಟಿಗೇ ಕೈಗೆ ಬರುತ್ತವೆ. ಬ್ಯಾಟರಿ ಮೈನಸ್ ಮಾತ್ರ ಮೊದಲೇ ಕಳಚಿರಬೇಕು, ಬಿ ಪ್ಲಸ್ ಬೋಲ್ಟ್‌ನಲ್ಲಿ ಸದಾ ಕರೆಂಟ್ ಇರುತ್ತದೆ. ಹಳೆಯದನ್ನು ತೆಗೆದಾಗ ಸ್ಲಿಪ್ ರಿಂಗ್, ಅಂದರೆ ರೋಟರ್ ಮೇಲೆ ಬ್ರಷ್ ಉಜ್ಜುವ ಬಳೆ, ನೋಡಿ. ಬರೀ ಕಪ್ಪಾಗಿದ್ದರೆ 600 ನಂಬರಿನ ಸ್ಯಾಂಡ್‌ಪೇಪರಿನಿಂದ ರೋಟರ್ ತಿರುಗಿಸುತ್ತ ಒರೆಸಿದರೆ ಸಾಕು. ಒಂದೇ ಕಡೆ ಉಜ್ಜಿದರೆ ರಿಂಗ್ ಚಪ್ಪಟೆಯಾಗಿ ಬ್ರಷ್ ಕುಣಿಯುತ್ತದೆ. ಬೆರಳ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಕಾಲುವೆ ಬಿದ್ದಿದ್ದರೆ ಈ ದಾರಿ ಬಿಡಿ. ಹೊಸ ಬ್ರಷ್ ಆ ರಿಂಗ್ ಮೇಲೆ ಬೇಗನೆ ಸವೆದುಹೋಗುತ್ತದೆ.

ಅದೇ ಹೊತ್ತಿಗೆ ಎರಡು ಸ್ಲಿಪ್ ರಿಂಗ್‌ಗಳ ನಡುವೆ ಓಮ್ ಅಳೆಯಿರಿ. ಸಾಮಾನ್ಯವಾಗಿ 2ರಿಂದ 5 ಓಮ್ ಇರುತ್ತದೆ. ರಿಂಗ್‌ನಿಂದ ಶಾಫ್ಟ್‌ಗೆ ಏನೂ ಬರಬಾರದು, ಬಂದರೆ ರೋಟರ್ ಕಾಯಿಲ್ ಶಾಫ್ಟ್‌ಗೆ ಶಾರ್ಟ್ ಆಗಿದೆ.

ಡಯೋಡ್, ಬೇರಿಂಗ್, ರೋಟರ್ ಗಟ್ಟಿಯಿದ್ದರೆ ನಾಲ್ಕು ದಾರಿಗಳಲ್ಲಿ ಇದಕ್ಕೇ ನಮ್ಮ ಮೊದಲ ಮತ. ಕೂರಿಸಿದ ಮೇಲೆ ವೋಲ್ಟೇಜ್ ಹೊಸ ಆಲ್ಟರ್ನೇಟರಿನಷ್ಟೇ ಸ್ಥಿರವಾಗಿ ನಿಲ್ಲುತ್ತದೆ, ಕಂಪನಿಯ ಮೂಲ ವೈಂಡಿಂಗ್ ಹಾಗೇ ಉಳಿಯುತ್ತದೆ.

ದಾರಿ ಎರಡು: ಪೂರ್ತಿ ಬಿಚ್ಚಿ ಕಟ್ಟುವುದು

ಎಂಜಿನ್ ವೇಗದ ಜೊತೆ ಏರುವ ಗರ್ ಎನ್ನುವ ಸದ್ದು ಬೆಲ್ಟ್ ಕಳಚಿ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದಾಗಲೂ ಒರಟಾಗಿ ಸಿಕ್ಕರೆ ಅದು ಬೇರಿಂಗ್. ರೇಡಿಯೋದಲ್ಲಿ ಕೀಂಯ್ ಎನ್ನುವ ಶಬ್ದ, ಮಂದವಾಗಿ ಉರಿಯುವ ಚಾರ್ಜಿಂಗ್ ದೀಪ, ಬೆಳಗ್ಗೆ ಖಾಲಿ ಬ್ಯಾಟರಿ ಇದ್ದರೆ ಡಯೋಡ್. ಗಾಡಿ ಆಫ್ ಮಾಡಿ ಅದರ ಎಲೆಕ್ಟ್ರಾನಿಕ್ಸ್ ಪೂರ್ತಿ ನಿದ್ದೆಗೆ ಹೋದ ಮೇಲೆ ಬ್ಯಾಟರಿಯಿಂದ ಹರಿಯುವ ಕರೆಂಟ್ 50 ಮಿಲಿಆಂಪ್ ಒಳಗಿರಬೇಕು. ಹೆಚ್ಚಿದ್ದು, ಬಿ ಪ್ಲಸ್ ವೈರ್ ತೆಗೆದ ಮೇಲೆ ಅದು ಇಳಿದರೆ ಕಳ್ಳ ಸಿಕ್ಕಂತೆ.

ಬಿಚ್ಚುವ ಮುಂಚೆ ಮುಂದಿನ ಮತ್ತು ಹಿಂದಿನ ಕವರುಗಳ ಮೇಲೆ ಒಂದೇ ಗೆರೆ ಎಳೆದುಕೊಳ್ಳಿ. ಇಲ್ಲದಿದ್ದರೆ ಜೋಡಿಸುವಾಗ ಬೋಲ್ಟ್ ರಂಧ್ರಗಳು ತಪ್ಪುತ್ತವೆ. ಡಯೋಡ್‌ಗೆ ಮೀಟರಿನ ಡಯೋಡ್ ಸ್ಥಾನದಲ್ಲಿ ಒಂದು ದಿಕ್ಕಿಗೆ 0.4ರಿಂದ 0.7 ಬರಬೇಕು, ಇನ್ನೊಂದು ದಿಕ್ಕಿಗೆ ಏನೂ ಬರಬಾರದು. ಸ್ಟೇಟರ್ (ರೋಟರ್ ಸುತ್ತ ಅಲುಗದೆ ಕೂತ ಕಾಯಿಲ್) ತಂತಿಗಳನ್ನು ಪ್ಲೇಟಿನಿಂದ ಬಿಡಿಸದೆ ಅಳೆದರೆ ಉತ್ತರ ಸುಳ್ಳು. ಬೆಸುಗೆಗೆ 100 ವ್ಯಾಟ್ ಆಸುಪಾಸಿನ ಸಾಲ್ಡರಿಂಗ್ ಐರನ್ ಬೇಕು. ಸಣ್ಣದರಲ್ಲಿ ಹೆಚ್ಚು ಹೊತ್ತು ಹಿಡಿದರೆ ಹೊಸ ಡಯೋಡ್ ಅಲ್ಲೇ ಬೆಂದುಹೋಗುತ್ತದೆ.

ಬೇರಿಂಗಿನ ನಂಬರ್ ಅದರ ಅಂಚಿನಲ್ಲೇ ಅಚ್ಚಾಗಿರುತ್ತದೆ. ಅದೇ ನಂಬರು, ಎರಡೂ ಕಡೆ ಸೀಲ್ ಇರುವುದು, ಬಿಸಿ ತಾಳುವ ಗ್ರೀಸ್ ಇರುವುದು ತೆಗೆದುಕೊಳ್ಳಿ. ಶಾಫ್ಟ್ ಮೇಲೆ ಕೂರಿಸುವಾಗ ಒಳ ರಿಂಗ್ ಮೇಲೆ ಮಾತ್ರ ಒತ್ತಡ ಬೀಳಬೇಕು. ಹೊರ ರಿಂಗ್‌ಗೆ ಸುತ್ತಿಗೆ ಬಡಿದು ಕೂರಿಸಿದ ಬೇರಿಂಗ್ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ.

ಇಲ್ಲಿ ಕೆಡಿಸುವುದು ಅರೆಮನಸ್ಸು. ಡಯೋಡ್ ಪ್ಲೇಟ್ ಮಾತ್ರ ಹಾಕಿ ಹಳೆಯ ಬೇರಿಂಗ್, ಹಳೆಯ ಬ್ರಷ್ ಉಳಿಸಿದರೆ ಅವುಗಳಿಗಾಗಿ ಮತ್ತೆ ಪೂರ್ತಿ ಇಳಿಸಿ ಬಿಚ್ಚಬೇಕಾಗುತ್ತದೆ. ಬಿಚ್ಚಿದ್ದಾದರೆ ಎರಡು ಬೇರಿಂಗ್, ಬ್ರಷ್, ಡಯೋಡ್ ಪ್ಲೇಟ್ ಮೂರೂ ಒಟ್ಟಿಗೇ. ಸ್ಟೇಟರ್ ಕಾಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕಟ್ಟುವ ಯೋಚನೆ ಅಲ್ಲಿಗೇ ನಿಲ್ಲಿಸಿ. ಕೈಯಲ್ಲಿ ರೀವೈಂಡ್ ಮಾಡಿದ ಸ್ಟೇಟರ್ ನಿಧಾನ ವೇಗದಲ್ಲಿ ಸರಿಯಾಗಿ ಕಂಡರೂ ಎಲ್ಲ ಲೋಡ್ ಹಾಕಿದಾಗ ಹಿಂದೆ ಬೀಳುವುದೇ ಹೆಚ್ಚು.

ದಾರಿ ಮೂರು ಮತ್ತು ನಾಲ್ಕು: ಇಡಿಯಾಗಿ ಬದಲಿಸುವುದು

ಗುಜರಿಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಬ್ರಷ್ ಎಷ್ಟು ಉಳಿದಿದೆ ಎಂದು ಹೊರಗಿನಿಂದ ತಿಳಿಯದು. ತಂದರೆ ದಾರಿ ಒಂದರ ಕೆಲಸ ಹೇಗೂ ಮಾಡಲೇಬೇಕು.

ರೀಕಂಡೀಷನ್ ಮಾಡಿದ್ದರಲ್ಲಿ ಗುಣ ಒಂದರಿಂದ ಒಂದಕ್ಕೆ ಬಹಳ ವ್ಯತ್ಯಾಸ. ಹೊರಮೈಗೆ ಬಣ್ಣ ಬಳಿದದ್ದನ್ನು ನೋಡಿ ಮರುಳಾಗದೆ, ಏನೇನು ಬದಲಿಸಿದ್ದಾರೆ, ಲೋಡ್ ಹಾಕಿದಾಗ ಎಷ್ಟು ಆಂಪ್ ಕೊಟ್ಟಿತು ಎಂದು ಕೇಳಿ. ಅಂಕಿ ಹೇಳದವರಿಂದ ಕೊಳ್ಳಬೇಡಿ. ಸ್ಟೇಟರ್ ಸುಟ್ಟ ಹಳೆಯ ಗಾಡಿಗೆ, ಟೆಸ್ಟ್ ಅಂಕಿ ಸಮೇತ ಬಂದ ರೀಕಂಡೀಷನ್ ನಮ್ಮ ಲೆಕ್ಕದಲ್ಲಿ ಹೊಸದಕ್ಕೆ ಸಾಟಿ. ಕಂಪ್ಯೂಟರ್ ನಿಯಂತ್ರಣದ ಗಾಡಿಗೆ ಹೊಸದೇ ಇರಲಿ. ಅಲ್ಲಿ ರೆಗ್ಯುಲೇಟರ್ ಎಂಜಿನ್ ಕಂಪ್ಯೂಟರ್ ಜೊತೆ ಮಾತಾಡಬೇಕು. ಪ್ಲಗ್ ಕೂತರೂ ಒಳಗಿನ ಭಾಷೆ ಬೇರೆಯಾದರೆ ದೀಪ ಆರುವುದಿಲ್ಲ.

ಎರಡರಲ್ಲೂ ಆಂಪ್, ಪುಲ್ಲಿಯ ಗೀರುಗಳ ಸಂಖ್ಯೆ, ಕನೆಕ್ಟರಿನ ಪಿನ್‌ಗಳನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ. ಹಳೆಯದರಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಪುಲ್ಲಿ ಇದ್ದರೆ ಹೊಸದರಲ್ಲೂ ಅದೇ ಬೇಕು. ಗಟ್ಟಿ ಪುಲ್ಲಿ ಹಾಕಿದರೆ ಬೆಲ್ಟ್ ಟೆನ್ಷನರ್ ನಡುಗಿ ಬೇಗ ಸಾಯುತ್ತದೆ. ಅಂದಹಾಗೆ, ಆ ಕ್ಲಚ್ ಎರಡೂ ದಿಕ್ಕಿಗೆ ಜಾರತೊಡಗಿದರೆ ಆಲ್ಟರ್ನೇಟರ್ ಒಳಗೆಲ್ಲ ಚೆನ್ನಾಗಿದ್ದರೂ ಚಾರ್ಜಿಂಗ್ ಇರುವುದಿಲ್ಲ. ಆಗ ಪುಲ್ಲಿ ಒಂದನ್ನೇ ಬದಲಿಸಿದರಾಯಿತು. ಅದನ್ನು ಬಿಚ್ಚಲು ಹಲ್ಲಿರುವ ವಿಶೇಷ ಸಾಕೆಟ್ ಬೇಕು.

ಯಾವುದನ್ನೇ ಕೂರಿಸಿದರೂ ಬ್ಯಾಟರಿಯನ್ನು ಮೊದಲು ಹೊರಗಿನ ಚಾರ್ಜರಿನಲ್ಲಿ ತುಂಬಿಸಿ. ಪೂರ್ತಿ ಇಳಿದ ಬ್ಯಾಟರಿಗೆ ಜೋಡಿಸಿ ದೂರ ಓಡಿಸಿದರೆ ಆಲ್ಟರ್ನೇಟರ್ ಗಂಟೆಗಟ್ಟಲೆ ತನ್ನ ಗರಿಷ್ಠದಲ್ಲೇ ದುಡಿದು, ಹೊಸ ಡಯೋಡ್‌ಗಳು ಕಾದು ಸುಡುವ ಅಪಾಯವಿದೆ.