ಪುಡಿ ಉಪ್ಪು, ಹರಳುಪ್ಪು, ಸೈಂಧವ: ಬಳಸಿ ನೋಡಿದ ಹೋಲಿಕೆ

ಬೆಂಗಳೂರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಪುಡಿ ಉಪ್ಪು, ಹರಳುಪ್ಪು, ಸೈಂಧವ ಲವಣ ಹಾಗೂ ಸೋಡಿಯಂ ಕಡಿಮೆ ಇರುವ ಉಪ್ಪನ್ನು ಮನೆಯ ಅಡುಗೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿ ಪರೀಕ್ಷಿಸಿದ್ದೇನೆ. ಮೊದಲ ಮೂರೂ ಬಹುಪಾಲು ಸೋಡಿಯಂ ಕ್ಲೋರೈಡೇ ಆಗಿದ್ದು, ಅದರ ತೂಕದಲ್ಲಿ ಸುಮಾರು ಶೇ. 39ರಷ್ಟು ಸೋಡಿಯಂ, ಉಳಿದದ್ದು ಕ್ಲೋರಿನ್. ಆದ್ದರಿಂದ ಅವುಗಳ ನಡುವಿನ ವ್ಯತ್ಯಾಸವನ್ನು ಹರಳಿನ ಗಾತ್ರದಲ್ಲಿ ಮತ್ತು ಜೊತೆಗೆ ಸೇರಿರುವ ಪದಾರ್ಥಗಳಲ್ಲಿ ಹುಡುಕಬೇಕು.

ತಿಳಿಸಾರಿಗೆ ತೂಗಿ ಹಾಕಿದಾಗ ಮೂರರ ರುಚಿಯಲ್ಲಿ ನನಗೆ ಭೇದ ಕಾಣಲಿಲ್ಲ. ಚಮಚದಲ್ಲಿ ಅಳೆದರೆ ಮಾತ್ರ ಹರಳುಗಳ ನಡುವೆ ಗಾಳಿ ಉಳಿಯುವುದರಿಂದ ಹರಳುಪ್ಪಿನ ತೂಕ ಕಡಿಮೆಯಾಗಿ ಸಾರು ಸಪ್ಪೆಯಾಗುತ್ತದೆ. ಹರಳುಪ್ಪು ಸೌಮ್ಯವೆಂಬ ನಂಬಿಕೆಗೆ ಇದೇ ಕಾರಣವಿರಬೇಕು. ಮಜ್ಜಿಗೆಗೂ ಕೋಸಂಬರಿಗೂ ತಕ್ಷಣ ಕರಗುವ ಪುಡಿ ಉಪ್ಪೇ ಸರಿ.

ಉಪ್ಪಿನಕಾಯಿಯಲ್ಲಿ ಹರಳುಪ್ಪಿಗೆ ನನ್ನ ಪೂರ್ಣ ಮತ. ಅದು ನಿಧಾನವಾಗಿ ಕರಗುತ್ತಾ ಮಾವಿನ ಮಿಡಿಯಿಂದ ನೀರನ್ನು ಹೊರಗೆಳೆಯುತ್ತದೆ. ಪುಡಿ ಉಪ್ಪು ಭರಣಿಯ ತಳದಲ್ಲಿ ಗಟ್ಟಿಯಾಗಿ ಕೂತಿತು. ಉಪ್ಪುನೀರನ್ನು ಕುದಿಸುವುದರಿಂದ ಹೆಚ್ಚು ಉಪ್ಪು ಕರಗೀತೆಂಬ ನಿರೀಕ್ಷೆ ಬೇಡ: 100 ಮಿಲಿ ನೀರಿಗೆ ಕೋಣೆಯ ಉಷ್ಣತೆಯಲ್ಲಿ ಸುಮಾರು 36 ಗ್ರಾಂ, ಕುದಿಯುವಾಗ ಸುಮಾರು 39 ಗ್ರಾಂ ಅಷ್ಟೆ. ಕುದಿಸುವುದು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಕ್ಕೆ. ಆದರೆ ಮಳೆಗಾಲದಲ್ಲಿ ಹರಳುಪ್ಪು, ಅದರಲ್ಲಿ ಉಳಿದಿರುವ ಮೆಗ್ನೀಷಿಯಂ ಕ್ಲೋರೈಡ್ ತೇವವನ್ನು ಹೀರುವುದರಿಂದ, ಬೇಗ ನೀರೊಡೆಯುತ್ತದೆ.

ಸೈಂಧವ ಲವಣದಲ್ಲಿರುವ ಇತರ ಖನಿಜಗಳು ಅತ್ಯಲ್ಪ, ನೈಸರ್ಗಿಕ ಅಯೋಡಿನ್ ಕೂಡ ನಗಣ್ಯ. ಅಯೋಡಿನ್ ಕೊರತೆಯಿಂದ ಕತ್ತು ಊದುವ ಗಳಗಂಡದ ವಿರುದ್ಧ ದೇಶದಲ್ಲಿ 1962ರಲ್ಲಿ ಕಾರ್ಯಕ್ರಮ ಆರಂಭವಾಗಿ ಉಪ್ಪಿಗೆ ಅಯೋಡಿನ್ ಸೇರಿಸುವ ವ್ಯವಸ್ಥೆ ಬೆಳೆದಿರುವಾಗ, ಆ ರಕ್ಷಣೆಯನ್ನು ಫ್ಯಾಷನ್ನಿಗಾಗಿ ಬಿಟ್ಟುಕೊಡುವುದು ಮಕ್ಕಳಿರುವ ಮನೆಗೆ ಒಳ್ಳೆಯದಲ್ಲವೆಂದು ನಾನು ದೃಢವಾಗಿ ಭಾವಿಸುತ್ತೇನೆ. ಏಕಾದಶಿಯ ಫಲಾಹಾರಕ್ಕೆ ಸೈಂಧವ ಸಾಕು. ದಿನನಿತ್ಯಕ್ಕೆ ಅಯೋಡಿನ್‌ಯುಕ್ತ ಉಪ್ಪಿರಲಿ.

ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಒಂದಷ್ಟು ಭಾಗ ಪೊಟ್ಯಾಷಿಯಂ ಕ್ಲೋರೈಡ್ ಇರುತ್ತದೆ. ಅದರ ಸಣ್ಣ ಕಹಿ ಮಜ್ಜಿಗೆಯಲ್ಲಿ ತಿಳಿಯುತ್ತದೆ, ಹುಣಸೆಯಿರುವ ಹುಳಿಯಲ್ಲಿ ಮರೆಯಾಗುತ್ತದೆ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಇದನ್ನು ಬಳಸಲೇಬಾರದು.

ಬೋರ್‌ವೆಲ್ಲಿನ ಗಡಸು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್‌ಗೂ ಉಪ್ಪು ಬೇಕು. ಅದರೊಳಗಿನ ರೆಸಿನ್ (ಪ್ಲಾಸ್ಟಿಕ್ಕಿನಂಥ ಸಣ್ಣ ಮಣಿಗಳು) ಹಿಡಿದಿಟ್ಟ, ನೀರನ್ನು ಗಡಸಾಗಿಸುವ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಗಾಢ ಉಪ್ಪುನೀರಿನ ಸೋಡಿಯಂ ಹೊರದೂಡುತ್ತದೆ. ಇಲ್ಲಿ ಅಯೋಡಿನ್ನಿನ ಅಗತ್ಯವಿಲ್ಲ; ಮಣ್ಣು, ಕಸವಿಲ್ಲದ ದಪ್ಪ ಹರಳುಪ್ಪು ಪುಡಿಗಿಂತ ಚೆನ್ನಾಗಿ ಕೆಲಸ ಮಾಡಿತು. ತೊಳೆದು ಹೊರಬರುವ ಆ ನೀರನ್ನು ಮಾತ್ರ ಗಿಡಗಳಿಗೆ ಹಾಯಿಸಬಾರದು, ಬೇರುಗಳು ನೀರೆಳೆಯಲಾರದೆ ಸೊರಗುತ್ತವೆ.