ಬಾಗಿಲ ಚೌಕಟ್ಟಿನ ಗಿಟಾರಿಗೆ ಕೊಂಡ ಅಗ್ಗದ ಬಿಡಿಭಾಗಗಳು: ಆರು ತಿಂಗಳ ಬಳಕೆಯ ನಂತರ

ಕಳೆದ ನವೆಂಬರಿನಲ್ಲಿ ಆನ್‌ಲೈನ್ ಮಳಿಗೆಯೊಂದರಿಂದ 2,480 ರೂಪಾಯಿ ಕೊಟ್ಟು ತರಿಸಿಕೊಂಡ ಎಲೆಕ್ಟ್ರಿಕ್ ಗಿಟಾರ್ ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಇದ್ದ ವಸ್ತುಗಳು ಇಷ್ಟು: ಮೂರು ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಸುರುಳಿಗಳು), ಐದು ಸ್ಥಾನಗಳ ಸ್ವಿಚ್ ಮತ್ತು ವಾಲ್ಯೂಮ್, ಟೋನ್ ಹೊಂದಿಸುವ ಮೂರು ಪಾಟ್‌ಗಳನ್ನು ಮೊದಲೇ ಬೆಸುಗೆ ಹಾಕಿ ಕೂರಿಸಿದ ಪ್ಲಾಸ್ಟಿಕ್ ಫಲಕ, ಮೈಯ ಮೇಲೆ ತಂತಿಗಳನ್ನು ಹೊರುವ ಒಂದು ಬ್ರಿಜ್, ಆರು ಬಿರಡೆಗಳು, ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪ್ಲಾಸ್ಟಿಕ್ ನಟ್, ಕೇಬಲ್ ಸಿಕ್ಕಿಸುವ 6.35 ಮಿ.ಮೀ. ಜ್ಯಾಕ್ ಹಾಗೂ ಒಂದು ಸೆಟ್ ತಂತಿ. ಕಟ್ಟಿಗೆಯ ಭಾಗ ಯಾವುದೂ ಇರಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಗಿಟಾರಿನ ಮೈಯನ್ನು ಮನೆಯಲ್ಲಿ ಮತ್ತು ಕಲಬುರಗಿಯ ಕಟ್ಟಿಗೆ ಅಡ್ಡೆಯಲ್ಲಿ ಸಿಕ್ಕ ಹಳೆಯ ಸಾಮಾನಿನಿಂದಲೇ ಮಾಡಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಆದ್ದರಿಂದ ಈ ಪೆಟ್ಟಿಗೆಯ ಗುಣದೋಷಗಳನ್ನು ಹೇಳುವಾಗ ಅದು ಯಾವ ಬಗೆಯ ವಾದ್ಯದ ಮೇಲೆ ಕೂತಿತು ಎಂಬುದನ್ನೂ ಸ್ವಲ್ಪ ಹೇಳಬೇಕಾಗುತ್ತದೆ.

ಕೆಡವಿದ ಹಳೆಯ ವಾಡೆಯೊಂದರ ಬಾಗಿಲ ಚೌಕಟ್ಟಿನ ಸಾಗವಾನಿ ತುಂಡು 350 ರೂಪಾಯಿಗೆ ಸಿಕ್ಕಿತು. ಅದನ್ನು ಉದ್ದಕ್ಕೆ ಸೀಳಿಸಿ, ನೆಕ್ (ಗಿಟಾರಿನ ಕತ್ತು) ಮತ್ತು ಮೈಯ ನಡುಭಾಗ ಎರಡೂ ಒಂದೇ ತೊಲೆಯಾಗಿರುವಂತೆ ಉಳಿಸಿಕೊಂಡೆ. "ಇದು ಮಳಿ ಬಿಸಿಲು ಎಲ್ಲಾ ನೋಡಿದ್ ಕಟ್ಟಿಗಿ ಅದರೀ ಸರ, ಇನ್ನ ಸೊಟ್ಟ ಆಗಲ್ಲ" ಎಂದು ಬಡಿಗರು ಹೇಳಿದ ಮಾತು ಅರ್ಧ ನಿಜವಾಯಿತು, ಉಳಿದರ್ಧದ ಕಥೆ ಮುಂದೆ ಬರುತ್ತದೆ. ತೊಲೆಯ ಎರಡೂ ಬದಿಗೆ ರೆಕ್ಕೆಗಳಂತೆ ಅಂಟಿಸಿದ್ದು ಅಡುಗೆಮನೆಯ ಮೂಲೆಯಲ್ಲಿ ಬಿದ್ದಿದ್ದ ಮಾವಿನ ಕಟ್ಟಿಗೆಯ ಊಟದ ಮಣೆಯ ಎರಡು ಹೋಳುಗಳನ್ನು. "ಕುಂತು ಉಣ್ಣೋ ಮಣಿ ಕೊಯ್ದು ಏನ್ ಮಾಡ್ತಿಯೋ ತಮ್ಮಾ" ಎಂದು ಅವ್ವ ಆಕ್ಷೇಪಿಸಿದಳಾದರೂ, ಆ ಮಣೆಯ ಮೇಲೆ ಯಾರೂ ಕುಳಿತು ಹತ್ತು ವರ್ಷವಾಗಿತ್ತು. ಇದರಲ್ಲಿ ಹೊಸ ಬುದ್ಧಿವಂತಿಕೆಯೇನೂ ಇಲ್ಲ. 1940ರ ಆಸುಪಾಸಿನಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ನಾಲ್ಕಿಂಚು ಚೌಕದ ಪೈನ್ ತೊಲೆಗೆ ತಂತಿ ಬಿಗಿದು, ನೋಡುವವರ ಸಮಾಧಾನಕ್ಕಾಗಿ ಅದರ ಎರಡು ಬದಿಗೆ ಗಿಟಾರಿನ ಆಕಾರದ ಹೋಳುಗಳನ್ನು ಸೇರಿಸಿದ್ದರು. ಇಂಗ್ಲೆಂಡಿನ ಗಿಟಾರ್ ವಾದಕ ಬ್ರಯನ್ ಮೇ 1963ರಲ್ಲಿ ತಂದೆಯ ಜೊತೆ ಕಟ್ಟಲು ಆರಂಭಿಸಿದ ಗಿಟಾರಿನ ನೆಕ್ಕಿಗೆ ಹಳೆಯ ಬೆಂಕಿಗೂಡಿನ ಮೇಲ್ಪಟ್ಟಿಯ ಮಹಾಗನಿಯನ್ನು ಬಳಸಿದ್ದರು. ವಿದ್ಯುತ್ ಗಿಟಾರಿನಲ್ಲಿ ಧ್ವನಿಯನ್ನು ಹಿಡಿಯುವುದು ಉಕ್ಕಿನ ತಂತಿಯ ಕೆಳಗಿನ ಅಯಸ್ಕಾಂತ ಮತ್ತು ಅದರ ಸುತ್ತಲಿನ ತಾಮ್ರದ ಸುರುಳಿ. ತಂತಿ ಕಂಪಿಸಿದಾಗ ಅಯಸ್ಕಾಂತೀಯ ಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಹೀಗಾಗಿ ಮೈಯ ಕಟ್ಟಿಗೆಯಲ್ಲಿ ಎಷ್ಟು ಉಳಿತಾಯ ಮಾಡಿದರೂ ನಡೆಯುತ್ತದೆ, ನೆಕ್ ಮತ್ತು ಬಿರಡೆಗಳಲ್ಲಿ ಮಾತ್ರ ನಡೆಯುವುದಿಲ್ಲ ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ.

ಪೆಟ್ಟಿಗೆಯ ಜೀವಾಳವಾದ ಪಿಕಪ್ ಫಲಕದಿಂದಲೇ ತೊಡಗುತ್ತೇನೆ, ಏಕೆಂದರೆ ಕೊಟ್ಟ ಹಣದ ಬಹುಪಾಲು ಬೆಲೆ ಅದರಲ್ಲಿಯೇ ಇದೆ. ಮಲ್ಟಿಮೀಟರಿನಲ್ಲಿ ಅಳೆದಾಗ ಮೂರೂ ಸುರುಳಿಗಳು ಆರು ಕಿಲೋ ಓಮ್‌ನ ಆಚೀಚೆ ರೋಧವನ್ನು ತೋರಿಸಿದವು. ಈ ಬಗೆಯ ಒಂಟಿ ಸುರುಳಿಯ ಪಿಕಪ್‌ಗಳಿಗೆ ಅದು ಸಹಜವಾದ ಅಳತೆ. ದುಬಾರಿ ಪಿಕಪ್‌ಗಳಲ್ಲಿ ತಂತಿಯ ಕೆಳಗಿನ ಆರು ಕಂಬಗಳೇ ಆಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತಗಳಾಗಿರುತ್ತವೆ. ಇಲ್ಲಿ ಅವು ಬರೀ ಉಕ್ಕಿನ ಕಡ್ಡಿಗಳು, ಅವುಗಳ ಅಡಿಯಲ್ಲಿ ಒಂದು ಸೆರಾಮಿಕ್ ಅಯಸ್ಕಾಂತದ ಪಟ್ಟಿ ಅಂಟಿಕೊಂಡಿದೆ. ಧ್ವನಿ ಸ್ವಲ್ಪ ಚೂಪು, ಬ್ರಿಜ್‌ನ ಹತ್ತಿರದ ಪಿಕಪ್ಪಿನಲ್ಲಿ ಕಿವಿಗೆ ಚುಚ್ಚುವಷ್ಟು. ಆದರೆ ನೆಕ್ಕಿನ ಹತ್ತಿರದ ಪಿಕಪ್ಪಿನಲ್ಲಿ ಟೋನ್ ಗುಂಡಿಯನ್ನು ಅರ್ಧಕ್ಕೆ ಇಳಿಸಿ ನುಡಿಸಿದರೆ, ಈ ಬೆಲೆಯಲ್ಲಿ ಇಷ್ಟು ದುಂಡಾದ ಸ್ವರ ಸಿಕ್ಕೀತೆಂದು ನಾನು ನಿರೀಕ್ಷಿಸಿರಲಿಲ್ಲ.

ದೋಷ ಕಂಡದ್ದು ಗುಂಯ್ ಎನ್ನುವ ಸದ್ದಿನಲ್ಲಿ. ಒಂಟಿ ಸುರುಳಿಯ ಪಿಕಪ್ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಹಿಡಿಯುವುದು ಸ್ವಾಭಾವಿಕವೇ. ಅದಕ್ಕಾಗಿಯೇ ಮೂರು ಪಿಕಪ್‌ಗಳ ಗಿಟಾರುಗಳಲ್ಲಿ ನಡುವಿನದ್ದನ್ನು ಸುರುಳಿ ಮತ್ತು ಅಯಸ್ಕಾಂತ ಎರಡೂ ಉಲ್ಟಾ ಇರುವಂತೆ ಮಾಡಿ, ನಡುವಿನದ್ದು ಪಕ್ಕದ ಒಂದರ ಜೊತೆ ಸೇರಿ ನುಡಿಯುವ ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಗುಂಯ್‌ಕಾರ ಒಂದಕ್ಕೊಂದು ಕಳೆದುಹೋಗುವಂತೆ ಏರ್ಪಾಡು ಮಾಡುತ್ತಾರೆ. ಮಳಿಗೆಯ ವಿವರಣೆಯಲ್ಲಿಯೂ ಹಾಗೆಯೇ ಬರೆದಿತ್ತು. ಆದರೆ ಆ ಸ್ಥಾನಗಳಲ್ಲಿಯೂ ಸದ್ದು ತಗ್ಗದಿದ್ದಾಗ ಅನುಮಾನ ಬಂದು, ಮಗನ ಶಾಲೆಯ ದಿಕ್ಸೂಚಿಯನ್ನು ತಂದು ಮೂರೂ ಪಿಕಪ್‌ಗಳ ಮೇಲೆ ಹಿಡಿದೆ. ಮೂರೂ ಸೂಜಿಯ ಒಂದೇ ತುದಿಯನ್ನು ಎಳೆದವು, ಅಂದರೆ ಮೂರೂ ಒಂದೇ ಅಚ್ಚಿನವು. ಕಲಬುರಗಿಯಲ್ಲಿ ಕರೆಂಟು ಹೋಗಿ ಮನೆಯ ಚೌಕ ಅಲೆಯ ಇನ್ವರ್ಟರ್ ಹೊತ್ತಿಕೊಂಡ ಕೂಡಲೇ ಈ ಸದ್ದು ಜೇನುಹುಳುವಿನಿಂದ ಕಟ್ಟಿಗೆ ಕೊಯ್ಯುವ ಯಂತ್ರದ ಮಟ್ಟಕ್ಕೆ ಏರುತ್ತದೆ, ಏಕೆಂದರೆ ಚೌಕ ಅಲೆಯಲ್ಲಿ 150, 250 ಹರ್ಟ್ಸ್‌ನಂತಹ ಮೇಲಿನ ಕಂಪನಗಳೂ ಧಾರಾಳವಾಗಿ ಬೆರೆತಿರುತ್ತವೆ.

ಅಗ್ಗದ ರಚನೆಯೇ ಇಲ್ಲಿ ಉಪಕಾರಕ್ಕೆ ಬಂತು ಎನ್ನಬೇಕು. ಅಯಸ್ಕಾಂತ ಕೆಳಗಿನ ಪಟ್ಟಿಯಲ್ಲಿ ಇರುವುದರಿಂದ, ನಡುವಿನ ಪಿಕಪ್ಪಿನ ಪಟ್ಟಿಯನ್ನು ತೆಳು ಚಾಕುವಿನಿಂದ ಮೆಲ್ಲನೆ ಬಿಡಿಸಿ, ಮಗುಚಿ ಅಂಟಿಸಿ, ಅದರ ಎರಡು ತಂತಿಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದರೆ ಸಾಕು. ಬರೀ ತಂತಿಗಳನ್ನು ಬದಲಿಸಿದರೆ ಗುಂಯ್‌ಕಾರದ ಜೊತೆ ಸ್ವರವೂ ತೆಳುವಾಗಿ ಹೋಗುತ್ತದೆ, ಅಯಸ್ಕಾಂತವನ್ನೂ ಮಗುಚಿದಾಗ ಮಾತ್ರ ಸ್ವರ ಉಳಿದು ಗುಂಯ್‌ಕಾರ ಅಳಿಯುತ್ತದೆ. ಸುರುಳಿಯ ತಾಮ್ರ ಕೂದಲಿಗಿಂತ ತೆಳುವಾದದ್ದು, ಚಾಕು ಜಾರಿದರೆ ಪಿಕಪ್ಪಿನ ಕಥೆ ಮುಗಿದಂತೆ. ಈ ಕೆಲಸದ ಜೊತೆಗೆ ಫಲಕದ ಹಿಂಭಾಗಕ್ಕೂ ಕಟ್ಟಿಗೆಯಲ್ಲಿ ಕೊರೆದ ಗುಂಡಿಗೂ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಅಂಟಿಸಿ, ಅದನ್ನೂ ಬ್ರಿಜ್ಜನ್ನೂ ಜ್ಯಾಕ್‌ನ ಗ್ರೌಂಡಿಗೆ ತಂತಿಯಿಂದ ಜೋಡಿಸಿದೆ. ಈಗ ಇನ್ವರ್ಟರ್ ಓಡುವಾಗಲೂ ಎರಡನೆಯ ಸ್ಥಾನದಲ್ಲಿ ನೆಮ್ಮದಿಯಿಂದ ನುಡಿಸಬಹುದು.

ಬ್ರಿಜ್ ಬಗ್ಗೆ ದೂರಿಲ್ಲ. ಸ್ಕ್ರೂಗಳ ಲೋಹ ಮೆದುವಾಗಿದ್ದು ಒಂದರ ತಲೆ ಸವೆದಿದೆ, ಅಷ್ಟೇ.

ಬಿರಡೆಗಳು ಈ ಪೆಟ್ಟಿಗೆಯ ಅತ್ಯಂತ ಕಳಪೆ ಭಾಗ. ಹಲ್ಲಿನ ಚಕ್ರಗಳ ನಡುವೆ ಎಷ್ಟು ಸಡಿಲವಿದೆಯೆಂದರೆ, ಗುಂಡಿಯನ್ನು ಕಾಲು ಸುತ್ತು ತಿರುಗಿಸಿದರೂ ಶ್ರುತಿ ಕದಲುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸುವ ಅಭ್ಯಾಸದಿಂದ ನಾಲ್ಕು ಬಿರಡೆಗಳನ್ನು ಹೇಗೋ ಸಂಭಾಳಿಸಿದೆ, ಎರಡನ್ನು ಬದಲಿಸಲೇಬೇಕಾಯಿತು. ಪ್ಲಾಸ್ಟಿಕ್ ನಟ್ಟಿನ ಗೀರುಗಳು ದಪ್ಪ ತಂತಿಗಳನ್ನು ಕಚ್ಚಿ ಹಿಡಿಯುತ್ತಿದ್ದವು. ಅದನ್ನು ತೆಗೆದು ಅದೇ ವಾಡೆಯ ಬಾಗಿಲಿನ ಹಿತ್ತಾಳೆ ಚಿಲಕದ ತುಂಡನ್ನು ಅರದಿಂದ ಉಜ್ಜಿ ಕೂರಿಸಿದ್ದು, ಈ ವಾದ್ಯದಲ್ಲಿ ನನಗೆ ಅತ್ಯಂತ ಹೆಮ್ಮೆ ತರುವ ಎರಡಂಗುಲದ ಜಾಗ. ಜೊತೆಗೆ ಬಂದ ತಂತಿಗಳಲ್ಲಿ ಅತಿ ತೆಳುವಾದದ್ದು ಮೊದಲ ದಿನವೇ ಹರಿಯಿತು, ಅವುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪೆಟ್ಟಿಗೆಯಲ್ಲಿ ಇಲ್ಲದ ನೆಕ್ಕಿನ ಬಗ್ಗೆಯೂ ಕೊಳ್ಳುವವರು ಯೋಚಿಸಲೇಬೇಕು. 9ರಿಂದ 42ರ (ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ತಂತಿಗಳ ದಪ್ಪ) ತೆಳು ಸೆಟ್ಟಿನ ಆರು ತಂತಿಗಳು ಸೇರಿ ಸುಮಾರು 38 ಕಿಲೋ ಭಾರದಷ್ಟು ಎಳೆಯುತ್ತವೆ. ಮೊದಲ ಸಲ ಬಡಿಗರ ಮಾತನ್ನು ನಂಬಿ ಬರೀ ಸಾಗವಾನಿಯಲ್ಲಿಯೇ ನೆಕ್ ಮಾಡಿದೆ, ಮೂರು ವಾರದಲ್ಲಿ ಅದು ಬಿಲ್ಲಿನಂತೆ ಬಾಗಿತು. ಎರಡನೆಯ ಸಲ ವೆಲ್ಡಿಂಗ್ ಅಂಗಡಿಯಿಂದ 10 ಮಿ.ಮೀ. ಚೌಕದ ಉಕ್ಕಿನ ಪೈಪನ್ನು ತಂದು ನೆಕ್ಕಿನ ಉದ್ದಕ್ಕೂ ಹುದುಗಿಸಿದ ಮೇಲೆ, ನಲವತ್ತು ಡಿಗ್ರಿ ದಾಟಿದ ಈ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿಯೂ ಅದು ಕದಲಲಿಲ್ಲ. ಕಟ್ಟಿಗೆ ಒಣಗಿ ಕುಗ್ಗಿದ್ದರಿಂದ ಫ್ರೆಟ್‌ಗಳ (ನೆಕ್ಕಿನ ಮೇಲೆ ಸ್ವರಸ್ಥಾನ ಗುರುತಿಸುವ ಲೋಹದ ಅಡ್ಡಪಟ್ಟಿಗಳ) ತುದಿಗಳು ಅಂಚಿನಿಂದ ಹೊರಗೆ ಇಣುಕಿ ಬೆರಳು ಗೀರಿದವು, ಅರದಿಂದ ಉಜ್ಜಿದ ಮೇಲೆ ಸರಿಹೋಯಿತು.

ಫ್ರೆಟ್‌ಗಳು ಸೈಕಲ್ ಕಡ್ಡಿಯ ತುಂಡುಗಳು. 648 ಮಿ.ಮೀ. ತಂತಿಯ ಉದ್ದಕ್ಕೆ, ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸುತ್ತ ಹೋದರೆ ನಟ್ಟಿನಿಂದ ಮೊದಲನೆಯ ಫ್ರೆಟ್ 36.4, ಐದನೆಯದು 162.5, ಏಳನೆಯದು 215.5, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಅಂದರೆ 324 ಮಿ.ಮೀ. ದೂರದಲ್ಲಿ ಬರುತ್ತದೆ. ಎಲ್ಲ ಗುರುತುಗಳನ್ನೂ ನಟ್ಟಿನಿಂದಲೇ ಅಳೆಯಬೇಕು, ಒಂದರಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ಚಿಕ್ಕ ತಪ್ಪುಗಳು ಕೂಡುತ್ತ ಬರುತ್ತವೆ. ಕಡ್ಡಿಗಳನ್ನು ಅಂಟಿಸಿದ ನಂತರ ಮಟ್ಟ ಮಾಡಲು ನಮ್ಮ ಜಿಲ್ಲೆಯಲ್ಲಿ ಹೊಸ ಉಪಕರಣ ಕೊಳ್ಳುವ ಅಗತ್ಯವೇ ಇಲ್ಲ: ಪಾಲಿಶ್ ಮಾಡಿದ ಶಹಾಬಾದ್ ಪರ್ಸಿಯ (ನೆಲಹಾಸು ಕಲ್ಲಿನ) ತುಂಡಿಗೆ ಉಪ್ಪುಕಾಗದ ಅಂಟಿಸಿ, ನೆಕ್ಕನ್ನು ಬೋರಲು ಹಿಡಿದು ಉಜ್ಜಿದರಾಯಿತು. ಹೀಗೆ ಮಾಡಿದ ನೆಕ್ ಪೂರ್ತಿ ಚಪ್ಪಟೆಯಾಗಿರುತ್ತದೆ. ಪೆಟ್ಟಿಗೆಯ ಪಿಕಪ್ ಕಂಬಗಳೂ ಒಂದೇ ಎತ್ತರದವಾದ್ದರಿಂದ ಇವೆರಡಕ್ಕೂ ಚೆನ್ನಾಗಿ ಹೊಂದುತ್ತದೆ.

ಬೀದರಿನ ಗೆಳೆಯರೊಬ್ಬರು ಪಿಕಪ್‌ಗಳ ಮೇಲೆ ಬಿದರಿ ಕೆಲಸದ ಹೊದಿಕೆ ಹಾಕೋಣವೆಂದು ಉತ್ಸಾಹ ತೋರಿಸಿದ್ದರು. ಬಿದರಿಯ ಮೂಲಲೋಹ ಸತುವಾದ್ದರಿಂದ ಅಯಸ್ಕಾಂತಕ್ಕೆ ಅಂಟದು, ನಿಜ. ಆದರೆ ದಪ್ಪನೆಯ ಲೋಹದ ತಗಡಿನಲ್ಲಿ ಸುಳಿಯುವ ವಿದ್ಯುತ್ತು ಮೇಲಿನ ಸ್ವರಗಳನ್ನು ನುಂಗುತ್ತದೆ. ಕೊನೆಗೆ ಅವರು ತಂದ ಒಂದು ಚಿಕ್ಕ ಬಿದರಿ ಗುಂಡಿ ವಾಲ್ಯೂಮ್ ಪಾಟಿನ ಮೇಲೆ ಕೂತಿದೆ.

ಆಂಪ್ಲಿಫೈಯರ್ ಇಲ್ಲದವರು ಓಣಿಯ ಭಜನಾ ಮಂಡಳಿಯ ಮೈಕ್ ಸೆಟ್ಟಿಗೆ ಇದನ್ನು ನೇರವಾಗಿ ಸಿಕ್ಕಿಸಿ ನಿರಾಶರಾಗುವುದು ಬೇಡ. ಗಿಟಾರ್ ಪಿಕಪ್ಪಿಗೆ ಸುಮಾರು ಹತ್ತು ಲಕ್ಷ ಓಮ್‌ನ ಇನ್‌ಪುಟ್ ಬೇಕು, ಮೈಕಿನ ಇನ್‌ಪುಟ್ ಕೆಲವೇ ಸಾವಿರ ಓಮ್‌ನದ್ದಾದ್ದರಿಂದ ಸ್ವರ ಕಂಬಳಿ ಹೊದ್ದುಕೊಂಡಂತೆ ಕೇಳಿಸುತ್ತದೆ. 9 ವೋಲ್ಟ್ ಬ್ಯಾಟರಿಯಿಂದ ಓಡುವ ಎಲ್‌ಎಂ386 ಆಂಪ್ಲಿಫೈಯರ್ ಚಿಪ್ಪಿನ ಪುಟ್ಟ ಸರ್ಕಿಟ್ಟಿನ ಮುಂದೆ ಒಂದು ಜೆಎಫ್‌ಇಟಿ ಬಫರ್ (ಪಿಕಪ್ಪಿಗೆ ಬೇಕಾದ ಹೆಚ್ಚು ಓಮ್‌ನ ಇನ್‌ಪುಟ್ ಒದಗಿಸುವ ಟ್ರಾನ್ಸಿಸ್ಟರ್) ಹಾಕಿ, ಕೆಟ್ಟ ರೇಡಿಯೊದ ಸ್ಪೀಕರಿಗೆ ಜೋಡಿಸಿದರೆ ಒಂದು ಕೋಣೆಗೆ ಸಾಕಾಗುವಷ್ಟು ಧ್ವನಿ ಬರುತ್ತದೆ.

ನಡುವಿನ ಪಿಕಪ್ಪಿನ ವಿಷಯವನ್ನು ಮಾರಾಟಗಾರರಿಗೆ ಬರೆದಾಗ, ಇಡೀ ಪೆಟ್ಟಿಗೆಯನ್ನು ಹಿಂದಿರುಗಿಸಿದರೆ ಹಣ ಕೊಡುತ್ತೇವೆ, ಒಂದು ಪಿಕಪ್ಪನ್ನು ಮಾತ್ರ ಬದಲಿಸುವುದಿಲ್ಲ ಎಂಬ ಉತ್ತರ ಬಂತು. ಅಷ್ಟರಲ್ಲಿ ಫಲಕ ಮಣೆಯ ಮೇಲೆ ಕೂತು ಹನ್ನೊಂದು ಸ್ಕ್ರೂ ಬಿಗಿದಾಗಿತ್ತು. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಮಾರಾಟಗಾರರು ಫಲಕವನ್ನಷ್ಟೇ ಬಿಡಿಯಾಗಿ ಮಾರಿದ್ದರೆ ನಾಲ್ಕು ಕೊಡುತ್ತಿದ್ದೆ.