ಆಮ್‌ಸ್ಟರ್‌ಡ್ಯಾಮ್‌ನಿಂದ ಬ್ರೂಜ್‌ಗೆ: ಹಗಲು ಸೈಕಲ್, ರಾತ್ರಿ ಬಾರ್ಜ್

ಐವತ್ತು ದಾಟಿದೆ, ಸೈಕಲ್ ಮುಟ್ಟಿ ಎಷ್ಟೋ ಕಾಲವಾಯಿತು ಅನ್ನುವವರೂ ಧೈರ್ಯವಾಗಿ ಹೋಗಬಹುದಾದ ಪ್ರವಾಸ ಇದು, ನೆದರ್‌ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಿಂದ ಬೆಲ್ಜಿಯಂನ ಬ್ರೂಜ್‌ವರೆಗೆ. ನಾನೂ ನಮ್ಮ ಮನೆಯವರೂ ಹೋಗಿ ಬಂದೆವು. ಸೂಟ್‌ಕೇಸ್ ಒಂದು ಸಲ ಬಿಚ್ಚಿಟ್ಟರೆ ಮುಗಿಯಿತು. ನಾವು ಕಾಲುವೆ ಏರಿಯ ಮೇಲೆ ಪೆಡಲ್ ತುಳಿಯುತ್ತಿದ್ದರೆ ಬಾರ್ಜ್ (ಮಲಗುವ ಕ್ಯಾಬಿನ್‌ಗಳಿರುವ ಕಾಲುವೆ ದೋಣಿ) ಮುಂದಿನ ಊರಿಗೆ ಹೋಗಿ ಕಾಯುತ್ತಿರುತ್ತದೆ. ದಿನಕ್ಕೆ 30ರಿಂದ 50 ಕಿ.ಮೀ. ಏರು ಅನ್ನುವುದೇ ಇಲ್ಲ, ಆದರೆ ಎದುರುಗಾಳಿ ಸುಸ್ತು ಮಾಡಿಸುತ್ತದೆ. ಮಂಡಿನೋವಿದ್ದವರು ಹೆಚ್ಚಿಗೆ ದುಡ್ಡಾದರೂ ಇ-ಬೈಕ್ ತೊಗೊಳ್ಳಿ.

ಗುಂಪಿನ ಮುಂದೆ ಗೈಡ್, ಕೊನೆಯಲ್ಲಿ ಹಳದಿ ಜಾಕೆಟ್ ತೊಟ್ಟ ಒಬ್ಬರು. ಹಿಂದೆ ಬಿದ್ದರೂ ದಾರಿ ತಪ್ಪುವ ಭಯವಿಲ್ಲ. ರಸ್ತೆ ಮೇಲೆ ಬಿಳಿ ತ್ರಿಕೋನಗಳ ಸಾಲು ನಮ್ಮ ಕಡೆ ಮೊನೆ ಮಾಡಿದ್ದರೆ ನಾವೇ ದಾರಿ ಬಿಡಬೇಕು. ಗೈಡ್ ಮೊದಲ ದಿನವೇ ನಿಲ್ಲಿಸಿ ತೋರಿಸಿಕೊಟ್ಟರು.

ನೆದರ್‌ಲೆಂಡ್ಸ್‌ನ ಕಿಂಡರ್‌ಡೈಕ್‌ನ 19 ಗಾಳಿಯಂತ್ರಗಳನ್ನು ಫೋಟೋದಲ್ಲಿ ನೋಡಿದ್ದೆ. ಅವು ಹಿಟ್ಟು ಬೀಸುವುದಕ್ಕಲ್ಲ, ತಗ್ಗಿನ ಹೊಲಗಳ ನೀರನ್ನು ಮೇಲಿನ ಕಾಲುವೆಗೆ ಎತ್ತುವುದಕ್ಕೆ ಕಟ್ಟಿದವು ಅನ್ನುವುದು ಏರಿಯ ಮೇಲೆ ನಿಂತು ಎರಡೂ ಕಡೆಯ ನೀರಿನ ಮಟ್ಟ ನೋಡಿದಾಗಲೇ ತಲೆಗೆ ಹತ್ತಿದ್ದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೆಲ್ಜಿಯಂನ ಆಂಟ್‌ವರ್ಪ್‌ ನಗರದ ಸೇಂಟ್ ಆನ್ನಾ ಸುರಂಗ. 1933ರದ್ದು, ಶೆಲ್ಟ್ ನದಿಯ ಅಡಿಯಲ್ಲಿ 572 ಮೀಟರ್, ನಡೆಯುವವರಿಗೂ ಸೈಕಲ್‌ನವರಿಗೂ ಮಾತ್ರ. ಕೆಳಗಿಳಿಯಲು ಅದೇ ಕಾಲದ ಮರದ ಎಸ್ಕಲೇಟರ್! ಎರಡೂ ಬ್ರೇಕ್ ಅದುಮಿ ಸೈಕಲನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡೆ. ಕಾಲಡಿ ಮರದ ಪಟ್ಟಿಗಳು ಕಟಕಟ ಅನ್ನುತ್ತಿದ್ದವು. ಹೆದರಿಕೆಯಾದರೆ ದೊಡ್ಡ ಲಿಫ್ಟೂ ಇದೆ.

ಕೊರತೆಯೆಂದರೆ ಊಟ. ಸಸ್ಯಾಹಾರಿ ಎಂದು ಬುಕಿಂಗ್‌ನಲ್ಲೇ ಬರೆದಿದ್ದರೂ ಮೊದಲ ರಾತ್ರಿ ತಟ್ಟೆಗೆ ಮೀನು ಬಂತು. ಹೇಳಿದ ಮೇಲೆ ಅಡುಗೆಯವರು ಮುತುವರ್ಜಿಯಿಂದ ಬೇರೆ ಮಾಡಿಕೊಟ್ಟರು. ಮಧ್ಯಾಹ್ನದ ಬುತ್ತಿ ಮಾತ್ರ ಬೆಳಗಿನ ತಿಂಡಿ ಮೇಜಿನಿಂದ ನಾವೇ ಕಟ್ಟಿಕೊಳ್ಳಬೇಕು, ದಿನಾ ಬ್ರೆಡ್ಡು, ಚೀಸು, ಸೌತೆಕಾಯಿ. ಅಲ್ಲಿನ ಅನೇಕ ಚೀಸ್‌ಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ (ಹಾಲು ಹೆಪ್ಪುಗಟ್ಟಿಸುವ ವಸ್ತು) ಹಾಕಿ ಮಾಡುತ್ತಾರೆ, ಕಟ್ಟುನಿಟ್ಟಿನವರು ವಿಚಾರಿಸಿಕೊಳ್ಳಿ.

ಕ್ಯಾಬಿನ್ ರೈಲಿನ ಕೂಪೆಯಷ್ಟೇ, ದೊಡ್ಡ ಪೆಟ್ಟಿಗೆ ಒಯ್ಯಬೇಡಿ. ವೀಸಾ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ), ಈ ಎರಡು ದೇಶಗಳಲ್ಲಿ ಯಾವುದರಲ್ಲಿ ಹೆಚ್ಚು ರಾತ್ರಿ ಇರುತ್ತೀರೋ ಅದಕ್ಕೇ ಅರ್ಜಿ ಹಾಕಿ. ಹೆಲ್ಮೆಟ್ ಬೇಕಿದ್ದರೆ ಬುಕಿಂಗ್ ವೇಳೆಯೇ ಕೇಳಿಡಿ, ಅಲ್ಲಿನ ಜನ ಹಾಕುವುದು ಅಪರೂಪ.